ಲೇಬಲ್ಲಿನ ಮೈಲೇಜಿಗೆ ಆಗುಂಬೆ ಘಾಟಿ ಗೊತ್ತಿಲ್ಲ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರುಗಳ ಬಗ್ಗೆ ಬಂದ ಬರಹ ಓದಿದೆ. ಎಂಜಿನ್, ಬಣ್ಣ, ಸೀಟು, ನೂರರ ವೇಗ ಮುಟ್ಟಲು ಎಷ್ಟು ಸೆಕೆಂಡ್ ಬೇಕು, ಎಲ್ಲ ಇತ್ತು. ಮೈಲೇಜ್ ಬಗ್ಗೆ ಮಾತ್ರ ಒಂದೇ ಸಾಲು. ಇಂಥ ಕಾರು ತಗೊಳ್ಳುವವರು ಮೈಲೇಜ್ ಕೇಳುವುದಿಲ್ಲ ಅಂತ.

ನಾನು ಕೇಳುತ್ತೇನೆ. ಕೇಳಬೇಕು ಅಂತಲೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಆದರೆ ದಯವಿಟ್ಟು ಪೂರ್ತಿ ಹಾಕಿ.

ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಮ್ಮದು ಅಡಿಕೆ ತೋಟ. ಊರಿಗೆ ಬರುವ ಮೊದಲು ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಪುಣೆಯಲ್ಲಿ ಗಾಡಿಗಳನ್ನು ಪರೀಕ್ಷೆ ಮಾಡುವ ಲ್ಯಾಬ್ ಒಂದರಲ್ಲಿ ಕೆಲಸದಲ್ಲಿದ್ದೆ. ಅಪ್ಪನಿಗೆ ತೋಟ ನೋಡಿಕೊಳ್ಳಲು ಕಷ್ಟವಾದಾಗ ವಾಪಸ್ ಬಂದೆ. ಅಲ್ಲಿ ದುಡಿದು ಉಳಿಸಿದ ಹಣದಲ್ಲಿ ಒಂದು ಸ್ಪೋರ್ಟ್ಸ್ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆ. ಎರಡು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, ನಾಲ್ಕೂ ಚಕ್ರಕ್ಕೆ ಡ್ರೈವ್, ಆರು ಗೇರಿನ ಆಟೊಮ್ಯಾಟಿಕ್, 55 ಲೀಟರ್ ಟ್ಯಾಂಕ್. ಕಂಪನಿಯ ಹೆಸರು ಬರೆಯುತ್ತಿಲ್ಲ. ನಾನು ಹೇಳಹೊರಟಿದ್ದು ಒಂದು ಕಂಪನಿಯ ವಿಷಯ ಅಲ್ಲ. ಕಾರು ನನಗೆ ತುಂಬಾ ಇಷ್ಟ. ಮಂಡಗದ್ದೆ ದಾಟಿದ ಮೇಲೆ ತುಂಗೆಯ ಪಕ್ಕದ ತಿರುವುಗಳಲ್ಲಿ ಅದು ಹೋಗುವ ಚೆಂದ ಬೇರೆ ಯಾವ ಗಾಡಿಗೂ ಬರುವುದಿಲ್ಲ.

ಇಷ್ಟ ಇದ್ದ ಮಾತ್ರಕ್ಕೆ ಪೆಟ್ರೋಲ್ ಲೆಕ್ಕ ಬಿಡಬೇಕಾ? ಲೀಟರಿಗೆ ನೂರು ರೂಪಾಯಿ ದಾಟಿ ಎಷ್ಟೋ ಕಾಲವಾಯಿತು. ನನ್ನ ಕಾರಿಗೆ ಹಾಕುವ ಲೀಟರೂ ಅದೇ ದುಡ್ಡು, ಪಕ್ಕದ ಮನೆಯವರ ಆಲ್ಟೊಗೆ ಹಾಕುವ ಲೀಟರೂ ಅದೇ ದುಡ್ಡು. ಹೊರದೇಶದಿಂದ ಬರುವ ಕಚ್ಚಾ ತೈಲ ಎರಡಕ್ಕೂ ಒಂದೇ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅದು ಯಾವ ಕಾರಿನ ಪೈಪಿನಿಂದ ಬಂದರೂ ಸೇರುವುದು ಇದೇ ಗಾಳಿಗೆ. ಜಾಸ್ತಿ ಕುಡಿಯುವ ಗಾಡಿ ಇಟ್ಟುಕೊಂಡವರೇ ಮೊದಲು ಲೆಕ್ಕ ಇಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ಕಾರಣ ನಮ್ಮ ಊರಿನದ್ದೇ. ಅಮ್ಮನನ್ನು ತಪಾಸಣೆಗೆ ಅಂತ ಮಣಿಪಾಲಕ್ಕೆ ಕರೆದುಕೊಂಡು ಹೋಗುತ್ತಿರುತ್ತೇನೆ. ಆಗುಂಬೆ ಘಾಟಿ ಇಳಿಯಬೇಕು, ರಾತ್ರಿ ಮತ್ತೆ ಹತ್ತಬೇಕು. ಘಾಟಿಯಲ್ಲಿ ಪೆಟ್ರೋಲ್ ಬಂಕ್ ಇಲ್ಲ. ಮಳೆಗಾಲದಲ್ಲಿ ಮರ ಬಿದ್ದರೆ ಗಂಟೆಗಟ್ಟಲೆ ನಿಲ್ಲಬೇಕಾಗಬಹುದು. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲಿಗೆ ಇನ್ನೆಷ್ಟು ದೂರ ಹೋಗಬಹುದು ಅಂತ ನನಗೆ ಸರಿಯಾಗಿ ಗೊತ್ತಿರಬೇಕು. ಕಂಪನಿಯ ಮೈಲೇಜ್ ಲೇಬಲ್ಲಿನಲ್ಲಿ ಲೀಟರಿಗೆ ಹದಿನಾಲ್ಕು ಚಿಲ್ಲರೆ ಕಿಲೋಮೀಟರ್ ಅಂತ ಬರೆದಿದ್ದಾರೆ. ಅದನ್ನು ನಂಬಿಕೊಂಡು ಘಾಟಿಯ ಬುಡದ ಸೋಮೇಶ್ವರದಿಂದ ಮೇಲೆ ಹೊರಟರೆ ಕಥೆ ಮುಗಿಯಿತು.

ಆ ಲೇಬಲ್ಲಿನ ನಂಬರ್ ಎಲ್ಲಿಂದ ಬರುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಅದನ್ನು ಓದುಗರಿಗೆ ಹೇಳಬೇಕು.

ಕಾರು ರಸ್ತೆಗೆ ಇಳಿಯುವುದೇ ಇಲ್ಲ. ಒಂದು ದೊಡ್ಡ ಕೋಣೆ. ನೆಲದಲ್ಲಿ ಉಕ್ಕಿನ ರೋಲರ್‌ಗಳು. ಅದರ ಮೇಲೆ ಚಕ್ರ ಕೂರಿಸಿ, ಕಾರನ್ನು ಬೆಲ್ಟ್ ಹಾಕಿ ಬಿಗಿದು ನಿಲ್ಲಿಸುತ್ತಾರೆ. ಮುಂದೆ ಒಂದು ದೊಡ್ಡ ಫ್ಯಾನ್. ಡ್ರೈವರ್ ಎದುರಿಗೆ ಒಂದು ಸ್ಕ್ರೀನ್, ಅದರಲ್ಲಿ ಒಂದು ಗೆರೆ ಹರಿದು ಬರುತ್ತಿರುತ್ತದೆ. ಗೆರೆ ಮೇಲೆ ಹೋದರೆ ವೇಗ ಹೆಚ್ಚಿಸಬೇಕು, ಕೆಳಗೆ ಬಂದರೆ ಇಳಿಸಬೇಕು. ಎರಡು ಕಿಲೋಮೀಟರ್ ವೇಗಕ್ಕಿಂತ ಜಾಸ್ತಿ ಆಚೀಚೆ ಹೋಗುವಂತಿಲ್ಲ. ಕೋಣೆಯಲ್ಲಿ ಮಾತಿಲ್ಲ, ಹಾರ್ನ್ ಇಲ್ಲ, ಎಸಿ ಆಫ್. ರೋಲರ್ ತಿರುಗುವ ಗುಂಯ್ ಸದ್ದೊಂದೇ. ಪೆಟ್ರೋಲನ್ನು ಯಾರೂ ಲೀಟರ್ ಹಿಡಿದು ಅಳೆಯುವುದಿಲ್ಲ. ಸೈಲೆನ್ಸರಿನಿಂದ ಬಂದ ಹೊಗೆಯನ್ನು ಗಾಳಿಯ ಜೊತೆ ಬೆರೆಸಿ ಚೀಲಗಳಲ್ಲಿ ತುಂಬುತ್ತಾರೆ. ಆಮೇಲೆ ಅದರಲ್ಲಿ ಇಂಗಾಲ ಎಷ್ಟಿದೆ ಅಂತ ನೋಡಿ, ಎಷ್ಟು ಪೆಟ್ರೋಲ್ ಉರಿದಿರಬೇಕು ಅಂತ ಲೆಕ್ಕ ಹಾಕುತ್ತಾರೆ. ಅಳತೆ ಬಹಳ ನಿಖರ. ಅದರಲ್ಲಿ ಮೋಸ ಇಲ್ಲ. ತೊಂದರೆ ಇರುವುದು ಆ ಗೆರೆಯಲ್ಲಿ.

ನಮ್ಮ ದೇಶದ ಈ ಗೆರೆಗೆ ಮಾಡಿಫೈಡ್ ಇಂಡಿಯನ್ ಡ್ರೈವಿಂಗ್ ಸೈಕಲ್ ಅಂತ ಹೆಸರು. ಒಟ್ಟು 1180 ಸೆಕೆಂಡ್, ಅಂದರೆ ಇಪ್ಪತ್ತು ನಿಮಿಷವೂ ಇಲ್ಲ. ಅತಿ ಹೆಚ್ಚಿನ ವೇಗ 90 ಕಿಲೋಮೀಟರ್. ಯುರೋಪಿನ ಹಳೆಯ ಪರೀಕ್ಷೆಯನ್ನೇ ತಗೊಂಡು, ಅಲ್ಲಿ 120 ಇದ್ದ ಗರಿಷ್ಠ ವೇಗವನ್ನು ನಮ್ಮ ರಸ್ತೆಗೆ ಅಂತ 90ಕ್ಕೆ ಇಳಿಸಿದ್ದು. ಅದರ ಪೇಟೆ ಭಾಗದಲ್ಲಿ ನಿಂತ ಕಾರು 50ರ ವೇಗಕ್ಕೆ ಬರಲು 26 ಸೆಕೆಂಡ್ ತಗೊಳ್ಳುತ್ತದೆ. 26 ಸೆಕೆಂಡ್! ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿ ಸಿಗ್ನಲ್ ಬಿಟ್ಟ ಮೇಲೆ ಹಾಗೆ ಹೊರಟರೆ ಹಿಂದಿನ ಸಿಟಿ ಬಸ್ಸಿನವರು ಬಿಡುತ್ತಾರಾ? ನನ್ನ ಕಾರು ಮನಸ್ಸು ಮಾಡಿದರೆ ಆರೇಳು ಸೆಕೆಂಡಿನಲ್ಲಿ ನೂರು ಮುಟ್ಟುತ್ತದೆ. ಅಂಥ ಎಂಜಿನ್ನನ್ನು 26 ಸೆಕೆಂಡ್ ತಗೊಂಡು ಐವತ್ತಕ್ಕೆ ತಂದು, ಇದು ಇಷ್ಟು ಮೈಲೇಜ್ ಕೊಡುತ್ತದೆ ಅಂತ ಬರೆದರೆ, ಆ ನಂಬರ್ ಯಾರಿಗೆ ಉಪಯೋಗ?

ಶಕ್ತಿ ಜಾಸ್ತಿ ಇರುವ ಕಾರನ್ನು ರಸ್ತೆಯಲ್ಲಿ ಜೋರಾಗಿ ಓಡಿಸಿದರೆ ಪರೀಕ್ಷೆಗೂ ರಸ್ತೆಗೂ ನಡುವಿನ ಅಂತರ ಹಿಗ್ಗುತ್ತದೆ.

ಈಗ ನನ್ನ ಲೆಕ್ಕ. ಶಿವಮೊಗ್ಗ ಪೇಟೆಯೊಳಗೆ, ಅಂದರೆ ಅಡಿಕೆ ಮಂಡಿ, ಬ್ಯಾಂಕ್, ದುರ್ಗಿಗುಡಿ ಅಂತ ಸುತ್ತಿದರೆ ಲೀಟರಿಗೆ ಆರು, ಹೆಚ್ಚೆಂದರೆ ಏಳು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬೆಳಿಗ್ಗೆ ಬೇಗ ಹೊರಟರೆ ಹನ್ನೊಂದರ ಹತ್ತಿರ. ಬೆಂಗಳೂರು ದಾರಿಯಲ್ಲಿ ನಾಲ್ಕು ಲೇನ್ ಆಗಿರುವ ಕಡೆ, ಎಂಬತ್ತರಲ್ಲಿ ಸುಮ್ನೆ ಹೋಗುತ್ತಿದ್ದರೆ ಹದಿನಾಲ್ಕು, ಕೆಲವು ಸಲ ಹದಿನೈದು. ಅಂದರೆ ಲೇಬಲ್ಲಿಗಿಂತಲೂ ಜಾಸ್ತಿ! ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಆದರೆ ಕಾರಣ ಇದೆ. ಸ್ಪೋರ್ಟ್ಸ್ ಕಾರು ಕುಳ್ಳಗೆ, ಗಾಳಿಯನ್ನು ಸೀಳಿಕೊಂಡು ಹೋಗುವ ಹಾಗೆ ಮಾಡಿರುತ್ತಾರೆ. ಎತ್ತರದ ಎಸ್‌ಯುವಿಗೆ ಎದುರಾಗುವಷ್ಟು ಗಾಳಿ ಇದಕ್ಕೆ ಎದುರಾಗುವುದಿಲ್ಲ. ಆರನೇ ಗೇರಿನಲ್ಲಿ ಎಂಬತ್ತಕ್ಕೆ ಎಂಜಿನ್ ನಿಮಿಷಕ್ಕೆ ಎರಡು ಸಾವಿರ ಸುತ್ತೂ ತಿರುಗುವುದಿಲ್ಲ. ಅದೇ ರಸ್ತೆಯಲ್ಲಿ 120ಕ್ಕೆ ಏರಿಸಿ ನೋಡಿ, ಹತ್ತು ಹನ್ನೊಂದಕ್ಕೆ ಇಳಿಯುತ್ತದೆ. ವೇಗ ಒಂದೂವರೆ ಪಟ್ಟು ಆದರೆ ಗಾಳಿಯ ತಡೆ ಎರಡೂಕಾಲು ಪಟ್ಟು ಆಗುತ್ತದೆ. ಎಷ್ಟೇ ದುಬಾರಿ ಕಾರಾದರೂ ಈ ಲೆಕ್ಕ ತಪ್ಪಿಸಲು ಆಗುವುದಿಲ್ಲ.

ಪೇಟೆಯಲ್ಲಿ ಯಾಕೆ ಆರು? ದೊಡ್ಡ ಶಕ್ತಿಯ ಪೆಟ್ರೋಲ್ ಎಂಜಿನ್ ಮೆಲ್ಲಗೆ ಹೋಗುವಾಗ ಅದರ ಗಾಳಿಯ ಬಾಗಿಲು ಹತ್ತಿರ ಹತ್ತಿರ ಮುಚ್ಚಿರುತ್ತದೆ. ಸಣ್ಣ ಸಂದಿಯಲ್ಲಿ ಗಾಳಿ ಎಳೆದುಕೊಳ್ಳುವುದಕ್ಕೇ ಎಂಜಿನ್ನಿನ ಶಕ್ತಿ ಒಂದಷ್ಟು ಹೋಗುತ್ತದೆ. ಜೊತೆಗೆ ಅಗಲದ ಟೈರು, ನಾಲ್ಕು ಚಕ್ರಕ್ಕೂ ಶಕ್ತಿ ಕೊಡುವ ಗೇರುಗಳು. ಎಂಜಿನ್ ಬಿಸಿಯಾಗುವ ಮೊದಲೇ ಮುಂದಿನ ಅಂಗಡಿ ಬಂದಿರುತ್ತದೆ. ತಣ್ಣಗಿರುವ ಎಂಜಿನ್ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಅರ್ಧ ಕಿಲೋಮೀಟರಿಗೆ ಒಂದು ಸಲ ಆಫ್ ಮಾಡಿ ಆನ್ ಮಾಡುವ ಕೆಲಸಗಳನ್ನು ನಾನು ಈಗ ಒಂದೇ ಕಡೆ ಕಾರು ನಿಲ್ಲಿಸಿ, ನಡೆದು ಮುಗಿಸುತ್ತೇನೆ.

ಇನ್ನು ಘಾಟಿ. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿ ಬರೆಯಬೇಕು. ಮಲೆನಾಡಿನವರಿಗೆ ಮೈಲೇಜ್ ಅಂದರೆ ಕೊನೆಗೆ ಘಾಟಿಯ ಮೈಲೇಜೇ.

ಸೋಮೇಶ್ವರದಿಂದ ಆಗುಂಬೆಗೆ ಹತ್ತು ಕಿಲೋಮೀಟರ್ ಆಸುಪಾಸು. ಹದಿನಾಲ್ಕು ಹೇರ್‌ಪಿನ್ ತಿರುವು. ಏರುವ ಎತ್ತರ ಸುಮಾರು 500 ಮೀಟರ್ ಅಂತ ಇಟ್ಟುಕೊಳ್ಳೋಣ. ನಾನು, ಅಮ್ಮ, ಪೆಟ್ರೋಲ್ ಎಲ್ಲ ಸೇರಿ ಕಾರು ಒಂದೂವರೆ ಟನ್. ಇಷ್ಟು ಭಾರವನ್ನು ಇಷ್ಟು ಎತ್ತರಕ್ಕೆ ಎತ್ತಲು ಏಳು ಮೆಗಾಜೂಲಿಗೂ ಸ್ವಲ್ಪ ಜಾಸ್ತಿ ಶಕ್ತಿ ಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಇರುತ್ತದೆ. ಆದರೆ ಅದರಲ್ಲಿ ಚಕ್ರದವರೆಗೆ ಬರುವುದು ಕಾಲು ಭಾಗ, ಒಳ್ಳೆಯ ಹೊತ್ತಿನಲ್ಲಿ ಅದಕ್ಕಿಂತ ಸ್ವಲ್ಪ ಮೇಲೆ. ಉಳಿದದ್ದು ರೇಡಿಯೇಟರ್, ಸೈಲೆನ್ಸರ್ ಮೂಲಕ ಬಿಸಿಯಾಗಿ ಹೋಗುತ್ತದೆ. ಅಂದರೆ ಬರೀ ಎತ್ತರ ಏರುವುದಕ್ಕೇ ಮುಕ್ಕಾಲು ಲೀಟರಿಗೂ ಜಾಸ್ತಿ ಪೆಟ್ರೋಲ್ ಬೇಕು. ರಸ್ತೆಯ ಉದ್ದಕ್ಕೆ ಬೇಕಾದದ್ದು ಬೇರೆ. ಪ್ರತಿ ತಿರುವಿನಲ್ಲೂ ಹತ್ತಿರ ಹತ್ತಿರ ನಿಂತು, ಮೇಲಿಂದ ಬರುವ ಬಸ್ಸಿಗೆ ಜಾಗ ಬಿಟ್ಟು, ಮೊದಲನೇ ಗೇರಿನಲ್ಲಿ ಮತ್ತೆ ಎಳೆಯಬೇಕು. ಅದೆಲ್ಲ ಸೇರಿದರೆ ಹತ್ತು ಕಿಲೋಮೀಟರಿಗೆ ಎರಡು ಲೀಟರ್ ಹತ್ತಿರ ಹೋಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಐದು ಅಂತ ತೋರಿಸುತ್ತಿರುತ್ತದೆ.

ಇಳಿಯುವಾಗ ವಾಪಸ್ ಸಿಗುತ್ತದಲ್ಲ ಅಂತ ಕೆಲವರು ಹೇಳುತ್ತಾರೆ. ಒಂದಷ್ಟು ಸಿಗುತ್ತದೆ, ಎಲ್ಲ ಅಲ್ಲ. ಇಳಿಜಾರಿನ ಹತ್ತು ಕಿಲೋಮೀಟರ್ ದೂರವನ್ನು ಕಾರು ತನ್ನ ಭಾರದಲ್ಲೇ ಸಾಗುತ್ತದೆ. ಅಷ್ಟಕ್ಕೆ ಬೇಕಾಗುವುದು ಎರಡು ಮೆಗಾಜೂಲ್ ಚಿಲ್ಲರೆ. ಏರುವಾಗ ಕೊಟ್ಟ ಏಳರಲ್ಲಿ ಉಳಿದ ಐದು ಬ್ರೇಕಿನ ಬಿಸಿಯಾಗಿ, ಎಂಜಿನ್ನಿನ ಬಿಸಿಯಾಗಿ ಹೋಗಿಬಿಡುತ್ತದೆ. ಸೋಮೇಶ್ವರದಲ್ಲಿ ನಿಲ್ಲಿಸಿ ಚಕ್ರದ ಹತ್ತಿರ ಕೈ ಹಿಡಿದರೆ ಆ ಬಿಸಿ ಗೊತ್ತಾಗುತ್ತದೆ, ಪ್ಯಾಡಿನ ಕಮಟು ವಾಸನೆಯೂ ಬರುತ್ತದೆ. ನಾನು ದುಡ್ಡು ಕೊಟ್ಟ ಪೆಟ್ರೋಲ್ ಅದು. ಬ್ಯಾಟರಿ ಇರುವ ಹೈಬ್ರಿಡ್ ಕಾರು, ಎಲೆಕ್ಟ್ರಿಕ್ ಕಾರುಗಳು ಈ ಐದರಲ್ಲಿ ಒಂದು ಪಾಲನ್ನು ಹಿಡಿದು ಬ್ಯಾಟರಿಗೆ ತುಂಬಿಕೊಳ್ಳುತ್ತವೆ. ನನ್ನಂಥ ಬರೀ ಪೆಟ್ರೋಲ್ ಕಾರಿಗೆ ಆ ದಾರಿ ಇಲ್ಲ.

ಇಲ್ಲೇ ಒಂದು ಮಾತು ಒತ್ತಿ ಹೇಳುತ್ತೇನೆ. ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಅಂತ ಈಗಲೂ ಎಷ್ಟೋ ಜನ ನಂಬಿದ್ದಾರೆ. ಕಾರ್ಬ್ಯುರೇಟರ್ ಕಾಲದ ಅಭ್ಯಾಸ ಅದು. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಗೇರಿನಲ್ಲೇ ಇಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್ನಿಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದೇ ಇರಲು ಐಡ್ಲಿಂಗಿನಲ್ಲಿ ಪೆಟ್ರೋಲ್ ಕುಡಿಯುತ್ತದೆ. ಉಳಿತಾಯವೂ ಇಲ್ಲ, ಕಾರನ್ನು ಹಿಡಿದು ನಿಲ್ಲಿಸುವ ಪೂರ್ತಿ ಕೆಲಸ ಬ್ರೇಕಿಗೇ ಬೀಳುತ್ತದೆ. ಹದಿನಾಲ್ಕು ತಿರುವು ಬ್ರೇಕ್ ಒತ್ತಿಕೊಂಡೇ ಇಳಿದರೆ ಬ್ರೇಕ್ ಕಾದು ಹಿಡಿಯದೇ ಹೋಗುವ ಅಪಾಯ ಇದೆ. ಹುಲಿಕಲ್ ಘಾಟಿಯಲ್ಲೂ ಅಷ್ಟೇ, ಬೇರೆ ಯಾವ ಘಾಟಿಯಲ್ಲೂ ಅಷ್ಟೇ. ಯಾರೂ ನ್ಯೂಟ್ರಲ್ ಮಾಡಬೇಡಿ. ಎರಡನೇ ಗೇರಿನಲ್ಲಿ ಇಳಿಯಿರಿ.

ಮೈಲೇಜಿನ ಸರಾಸರಿ ತೆಗೆಯುವುದರಲ್ಲೂ ಜನ ಎಡವುತ್ತಾರೆ. ಘಾಟಿ ಹತ್ತುವಾಗ ಲೀಟರಿಗೆ 5, ಇಳಿಯುವಾಗ 40 ಬಂತು ಅನ್ನಿ. ಸರಾಸರಿ ಎಷ್ಟು ಅಂದರೆ ತಟ್ಟಂತ ಇಪ್ಪತ್ತೆರಡೂವರೆ ಅನ್ನುತ್ತಾರೆ. ಅಲ್ಲ. ಹತ್ತಲು ಎರಡು ಲೀಟರ್ ಹೋಯಿತು, ಇಳಿಯಲು ಕಾಲು ಲೀಟರ್. ಇಪ್ಪತ್ತು ಕಿಲೋಮೀಟರಿಗೆ ಎರಡೂಕಾಲು ಲೀಟರ್. ಒಂಬತ್ತೂ ಬರುವುದಿಲ್ಲ, 8.9 ಅಷ್ಟೇ. ಯುರೋಪಿನಲ್ಲಿ ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಅಂತ ಬರೆಯುತ್ತಾರೆ. ಅದರಲ್ಲಿ ಈ ಗೊಂದಲ ಆಗುವುದಿಲ್ಲ.

ಅದೇ ಲೆಕ್ಕದಲ್ಲಿ ಇನ್ನೊಂದು ವಿಷಯ ಕಾಣುತ್ತದೆ. ನಿಮ್ಮ ಬರಹಗಾರರು ಇದನ್ನು ಗಮನಿಸಲಿ ಅಂತ ಕೇಳಿಕೊಳ್ಳುತ್ತೇನೆ. ಚಿಕ್ಕ ಕಾರೊಂದು 16ರಿಂದ 20ಕ್ಕೆ ಹೋದರೆ ನೂರು ಕಿಲೋಮೀಟರಿಗೆ ಉಳಿಯುವುದು ಒಂದೂಕಾಲು ಲೀಟರ್. ನನ್ನ ಕಾರು ಪೇಟೆಯಲ್ಲಿ 6ರಿಂದ 8ಕ್ಕೆ ಬಂದರೆ ನೂರು ಕಿಲೋಮೀಟರಿಗೆ ನಾಲ್ಕು ಲೀಟರಿಗೂ ಜಾಸ್ತಿ ಉಳಿಯುತ್ತದೆ. ನೋಡಲು ಎರಡೇ ಅಂಕ. ಉಳಿಯುವ ಪೆಟ್ರೋಲ್ ಮೂರು ಪಟ್ಟಿಗೂ ಮೇಲೆ. ಹಾಗಿದ್ದಾಗ ಸ್ಪೋರ್ಟ್ಸ್ ಕಾರಿನ ಮೈಲೇಜ್ ಬಗ್ಗೆ ಬರೆಯುವುದೇ ಬೇಡ ಅಂದರೆ ಹೇಗೆ? ಎಲ್ಲಿ ಜಾಸ್ತಿ ಸುರಿದು ಹೋಗುತ್ತಿದೆಯೋ ಅಲ್ಲೇ ಅಲ್ವಾ ಮೊದಲು ನೋಡಬೇಕಾದ್ದು?

ಈಗ ಹಂಪ್‌ಗಳ ವಿಷಯ. ಮೈಲೇಜ್ ಬಗ್ಗೆ ಬರೆಯುವವರು ಯಾರೂ ಇದನ್ನು ಮುಟ್ಟುವುದಿಲ್ಲ. ನನ್ನ ಪ್ರಕಾರ ನಮ್ಮ ಕಡೆ ಪೆಟ್ರೋಲ್ ತಿನ್ನುವುದರಲ್ಲಿ ಘಾಟಿಗಿಂತ ಹಂಪ್‌ಗಳೇ ಮುಂದೆ. ಅರವತ್ತರಲ್ಲಿ ಹೋಗುತ್ತಿರುವ ಒಂದೂವರೆ ಟನ್ ಕಾರನ್ನು ನಿಲ್ಲಿಸಿ, ಮತ್ತೆ ಅರವತ್ತಕ್ಕೆ ತರಲು ಸುಮಾರು 25 ಮಿಲಿಲೀಟರ್ ಪೆಟ್ರೋಲ್ ಬೇಕು. ಕೆಮ್ಮಿನ ಸಿರಪ್ಪಿನ ಬಾಟಲಿ ಮೇಲೆ ಇರುವ ಅಳತೆಯ ಮುಚ್ಚಳದಲ್ಲಿ ಎರಡು ಸಲ ತುಂಬಿ ಚೆಲ್ಲಿದಷ್ಟು. ನಲವತ್ತು ಹಂಪ್ ದಾಟಿದರೆ ಒಂದು ಲೀಟರ್ ಖಾಲಿ. ನಮ್ಮ ಒಳರಸ್ತೆಗಳಲ್ಲಿ ನಲವತ್ತು ಹಂಪ್ ಸಿಗಲು ಬಹಳ ದೂರ ಹೋಗಬೇಕಾಗಿಲ್ಲ. ಎತ್ತರದ ಜೀಪು, ಬೈಕುಗಳು ಮೂವತ್ತರಲ್ಲಿ ಹಾರಿಸಿಕೊಂಡು ಹೋಗುತ್ತವೆ. ನನ್ನ ಕಾರಿನ ಹೊಟ್ಟೆ ನೆಲಕ್ಕೆ ಹತ್ತಿರ. ಪೂರ್ತಿ ನಿಲ್ಲಿಸಿ, ಓರೆಯಾಗಿ ಒಂದೊಂದೇ ಚಕ್ರ ಹತ್ತಿಸಿ ಇಳಿಸಬೇಕು.

ಹಂಪ್ ಬೇಡ ಅಂತ ನಾನು ಹೇಳುತ್ತಿಲ್ಲ. ಶಾಲೆ ಮುಂದೆ, ಆಸ್ಪತ್ರೆ ಮುಂದೆ ಬೇಕೇ ಬೇಕು. ನಮ್ಮ ಊರಿನ ಮಕ್ಕಳೂ ಅದೇ ರಸ್ತೆ ದಾಟುವುದು. ಆದರೆ ಹಂಪ್ ಹೇಗಿರಬೇಕು ಅಂತ, ದೇಶದ ರಸ್ತೆಗಳಿಗೆ ಮಾನದಂಡ ಬರೆಯುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಅಳತೆ ಕೊಟ್ಟಿದೆ. ಅಗಲ 3.7 ಮೀಟರ್, ನಡುವಿನ ಎತ್ತರ 10 ಸೆಂಟಿಮೀಟರ್, ಮೆಲ್ಲಗೆ ಏರಿ ಮೆಲ್ಲಗೆ ಇಳಿಯಬೇಕು. ಇಪ್ಪತ್ತೈದರ ವೇಗದಲ್ಲಿ ದಾಟಬಹುದಾದ ಹಾಗೆ. ಆ ಅಳತೆಯಲ್ಲಿ ಮಾಡಿದರೆ ನನ್ನ ಕಾರೂ ನಿಲ್ಲದೇ ದಾಟುತ್ತದೆ, ಆಂಬುಲೆನ್ಸಿನಲ್ಲಿ ಮಲಗಿದವರಿಗೂ ಅಷ್ಟು ಕುಲುಕುವುದಿಲ್ಲ. ಊರೂರಲ್ಲಿ ಇರುವುದು ಅಂಥದ್ದಲ್ಲ. ಟಾರ್ ಉಳಿದಿದ್ದನ್ನು ಒಂದು ಅಡಿ ಅಗಲಕ್ಕೆ ಗುಡ್ಡೆ ಹಾಕಿ ಹೋದ ಹಾಗಿರುತ್ತದೆ. ಮೇಲೆ ಬಿಳಿ ಬಣ್ಣ ಕೂಡ ಇರುವುದಿಲ್ಲ. ರಾತ್ರಿ ಮಳೆಯಲ್ಲಿ ಕಾಣದೇ ಬಿದ್ದ ಬೈಕಿನವರನ್ನು ನಾವೇ ಎತ್ತಿ ಕೂರಿಸಿದ್ದಿದೆ. ರಸ್ತೆ ಮಾಡುವವರು ಈ ಅಳತೆಯನ್ನು ಪಾಲಿಸಿದರೆ ಜೀವವೂ ಉಳಿಯುತ್ತದೆ, ಪೆಟ್ರೋಲೂ ಉಳಿಯುತ್ತದೆ.

ಮಳೆಗಾಲದಲ್ಲಿ ಇನ್ನಷ್ಟು ಇಳಿಯುತ್ತದೆ. ನೀರು ನಿಂತ ರಸ್ತೆಯಲ್ಲಿ ಅಗಲದ ಟೈರು ನೀರನ್ನು ತಳ್ಳಿಕೊಂಡೇ ಹೋಗಬೇಕು. ಬಯಲುಸೀಮೆಯವರಿಗೆ ಎಸಿ ಬೇಸಿಗೆಗೆ ಬೇಕು, ನಮಗೆ ಜೂನ್ ಜುಲೈನಲ್ಲೇ ಜಾಸ್ತಿ ಬೇಕು. ಎಸಿ ಹಾಕದಿದ್ದರೆ ಗಾಜಿನ ಒಳಗೆ ಮಂಜು ಕಟ್ಟಿ ದಾರಿಯೇ ಕಾಣುವುದಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಎಸಿ ಆಫ್ ಅಂತ ಮೊದಲೇ ಹೇಳಿದೆನಲ್ಲ.

ಎಥನಾಲ್ ಬಗ್ಗೆ ಒಂದೆರಡು ಮಾತು. ಶೇ 20 ಎಥನಾಲ್ ಬೆರೆತ ಪೆಟ್ರೋಲ್ ಬಂದ ಮೇಲೆ ಮೈಲೇಜ್ ಕಡಿಮೆಯಾಯಿತು ಅಂತ ಎಲ್ಲರೂ ದೂರುತ್ತಾರೆ. ಸ್ವಲ್ಪ ಕಡಿಮೆ ಆಗುವುದು ನಿಜ. ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ನೀತಿ ಆಯೋಗದ 2021ರ ವರದಿಯೇ, ಎಥನಾಲ್ ಬೆರೆಸದ ಪೆಟ್ರೋಲಿಗೆ ಅಂತ ಮಾಡಿ ಶೇ 10 ಎಥನಾಲಿಗೆ ಹೊಂದಿಸಿದ ಕಾರುಗಳಲ್ಲಿ ಶೇ 6ರಿಂದ 7ರಷ್ಟು ಇಳಿಯಬಹುದು ಅಂದಿತ್ತು. ಶೇ 10ಕ್ಕೆ ಅಂತಲೇ ಮಾಡಿ ಶೇ 20ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ 1ರಿಂದ 2 ಅಂತ ಹೇಳಿತ್ತು. ಎಥನಾಲಿನ ಆಕ್ಟೇನ್, ಅಂದರೆ ಎಂಜಿನ್ನಿನೊಳಗೆ ಹೊತ್ತಿಗೆ ಮೊದಲೇ ಹೊತ್ತಿಕೊಳ್ಳದ ಗುಣ, ಜಾಸ್ತಿ; ಟರ್ಬೊ ಎಂಜಿನ್ನಿಗೆ ಅದು ಒಳ್ಳೆಯದೇ. ಆದರೆ ಹದಿನಾಲ್ಕು ಬರಬೇಕಾದ ಕಡೆ ಏಳು ಬಂದರೆ ಅದನ್ನು ಎಥನಾಲ್ ತಲೆಗೆ ಕಟ್ಟಬೇಡಿ. ಅಷ್ಟು ದೊಡ್ಡ ಇಳಿತ ಬರುವುದು ರಸ್ತೆಯಿಂದ, ಕಾಲಿನಿಂದ, ಟೈರಿನ ಗಾಳಿಯಿಂದ.

ತೀರ್ಥಹಳ್ಳಿಯಲ್ಲಿ ನಾನು ಪೆಟ್ರೋಲ್ ಹಾಕಿಸುವ ಬಂಕಿನಲ್ಲಿ ಕೆಲಸ ಮಾಡುವ ಹುಡುಗ ಕಾರು ನೋಡಿದಾಗಲೆಲ್ಲ ಕೇಳುತ್ತಾನೆ. ‘ಅಕ್ಕಾ, ಎಷ್ಟು ಕೊಡ್ತದೆ ಇದು?’ ‘ಎಲ್ಲಿ ಕೇಳ್ತಿದ್ದೀಯ ಮಾರಾಯ, ಪೇಟೆಲೋ ಘಾಟೀಲೋ?’ ಅಂತ ನಾನು ಕೇಳುತ್ತೇನೆ. ಅವನಿಗೆ ಅದು ತಕ್ಷಣ ಅರ್ಥವಾಯಿತು. ಈಗ ಬೇರೆಯವರಿಗೂ ಹಾಗೇ ಕೇಳುತ್ತಾನೆ. ಅವನೇ ನನಗೆ ಪ್ರತಿ ಸಲ ಒಂದೇ ಪಂಪಿನಲ್ಲಿ, ನಾಜಲ್ ಮೊದಲ ಸಲ ಟಕ್ ಅಂತ ತಾನಾಗಿ ನಿಂತ ಕೂಡಲೇ ನಿಲ್ಲಿಸಿ ಕೊಡುತ್ತಾನೆ. ರೌಂಡ್ ಫಿಗರ್ ಮಾಡಲು ಮತ್ತೆ ಒತ್ತುವುದಿಲ್ಲ. ಮೈಲೇಜ್ ನೋಡಲು ಸರಿಯಾದ ದಾರಿ ಇದೊಂದೇ. ಫುಲ್ ಟ್ಯಾಂಕ್ ಮಾಡಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಓಡಿಸಿ, ಮತ್ತೆ ಅದೇ ಪಂಪಿನಲ್ಲಿ ಫುಲ್ ಮಾಡಿಸಿ, ಓಡಿದ ದೂರವನ್ನು ಹಿಡಿಸಿದ ಲೀಟರಿನಿಂದ ಭಾಗಿಸಿ. ಒಂದು ಸಲ ನೋಡಿ ನಿರ್ಧಾರ ಮಾಡಬೇಡಿ. ಕೆಲವು ಟ್ಯಾಂಕ್‌ಗಳ ಒಟ್ಟು ದೂರ, ಒಟ್ಟು ಲೀಟರ್ ಹಿಡಿಯಿರಿ. ನನ್ನ ಕಾರಿನ ಡ್ಯಾಶ್‌ಬೋರ್ಡ್ ತೋರಿಸುವುದು ಯಾವಾಗಲೂ ಈ ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿಯೇ. ಅಂಗಡಿಯಲ್ಲಿ ಸಿಗುವ ಸಾದಾ ನೋಟ್‌ಬುಕ್ ಒಂದನ್ನು ಕಾರಿನಲ್ಲೇ ಇಟ್ಟಿದ್ದೇನೆ. ತಾರೀಖು, ದೂರ, ಲೀಟರ್, ಹೋದ ದಾರಿ, ಮಳೆ ಇತ್ತಾ ಇಲ್ಲವಾ, ಇಷ್ಟೇ ಬರೆಯುವುದು.

ಸರಕಾರದವರು ಏನು ಮಾಡಬಹುದು ಅಂದರೆ, ದಾರಿ ಆಗಲೇ ಬೇರೆಯವರು ತೋರಿಸಿದ್ದಾರೆ. ಅಮೆರಿಕದಲ್ಲಿ 2008ರ ಮಾಡೆಲ್‌ಗಳಿಂದ ಹೆಚ್ಚಿನ ವೇಗ, ಎಸಿ, ಚಳಿ ಇವನ್ನೂ ಲೆಕ್ಕಕ್ಕೆ ಸೇರಿಸಿ, ಪೇಟೆಗೊಂದು, ಹೆದ್ದಾರಿಗೊಂದು ಅಂತ ಬೇರೆ ಬೇರೆ ನಂಬರ್ ಕೊಡುತ್ತಾರೆ. ಯುರೋಪ್ 2017ರಲ್ಲಿ ಹಳೆಯ ಪರೀಕ್ಷೆ ಬಿಟ್ಟು, 1800 ಸೆಕೆಂಡಿನ, 131 ಕಿಲೋಮೀಟರ್ ವೇಗದವರೆಗೆ ಹೋಗುವ ಹೊಸ ಪರೀಕ್ಷೆಗೆ ಹೊರಳಿತು. ಅಷ್ಟಕ್ಕೇ ನಿಲ್ಲಲಿಲ್ಲ. 2021ರಿಂದ ಅಲ್ಲಿನ ಹೊಸ ಕಾರುಗಳಲ್ಲಿ ನಿಜವಾಗಿ ಉರಿದ ಪೆಟ್ರೋಲನ್ನು ಕಾರೇ ಬರೆದಿಟ್ಟುಕೊಳ್ಳುವ ವ್ಯವಸ್ಥೆ ಕಡ್ಡಾಯ. ಆ ಲೆಕ್ಕ ಒಟ್ಟು ಮಾಡಿ ಯುರೋಪಿಯನ್ ಕಮಿಷನ್ 2024ರಲ್ಲಿ ಹೊರಹಾಕಿತು. ಹೊಸ ಪರೀಕ್ಷೆಗೆ ಹೋಲಿಸಿದರೂ ಪೆಟ್ರೋಲ್ ಕಾರುಗಳು ರಸ್ತೆಯಲ್ಲಿ ಶೇ 23.7ರಷ್ಟು ಜಾಸ್ತಿ ಕುಡಿಯುತ್ತಿದ್ದವು, ಡೀಸೆಲ್ ಕಾರುಗಳು ಶೇ 18.1. ಅಷ್ಟು ಕಟ್ಟುನಿಟ್ಟಾದ ಕಡೆಯೇ ಇಷ್ಟು ಅಂತರ.

ನಮ್ಮಲ್ಲೂ 2023ರ ಏಪ್ರಿಲ್‌ನಿಂದ ಗಾಡಿಗಳ ಹೊಗೆಯನ್ನು ನಿಜವಾದ ರಸ್ತೆಯಲ್ಲಿ ಓಡಿಸಿ ಅಳೆಯುವ ನಿಯಮ ಬಂತು. ಕಾರಿನ ಹಿಂದೆ ಅಳತೆಯ ಪೆಟ್ಟಿಗೆ ಕಟ್ಟಿಕೊಂಡು ಓಡಿಸುತ್ತಾರೆ. ಒಳ್ಳೆಯ ಕೆಲಸ. ಆದರೆ ಅದು ಹೊಗೆಯ ವಿಷಕ್ಕೆ ಮಾತ್ರ. ಅದೇ ಓಟದಲ್ಲಿ ಮೈಲೇಜೂ ಸಿಗುತ್ತದೆ, ಅದನ್ನು ಪ್ರಕಟಿಸಿ ಅಂತ ಕೇಳುವುದು ದೊಡ್ಡ ಬೇಡಿಕೆ ಅಲ್ಲ. ಕಾರು ಕೊಳ್ಳುವವರ ಕೈಗೆ ಒಂದು ನಂಬರ್ ಬದಲು ಮೂರು ಕೊಡಲಿ: ಪೇಟೆ, ಹೆದ್ದಾರಿ, ಏರುದಾರಿ. ಪಶ್ಚಿಮಘಟ್ಟದ ಮೇಲೂ ಕೆಳಗೂ ಲಕ್ಷಾಂತರ ಜನ ಇದ್ದೇವೆ. ಹಿಮಾಲಯದ ಕಡೆಯವರಿದ್ದಾರೆ, ನೀಲಗಿರಿಯವರಿದ್ದಾರೆ. ಈ ಮೂರನೇ ನಂಬರ್ ನಮಗೆಲ್ಲ ಬೇಕು.

ಅದು ಬರುವವರೆಗೆ ನಿಮ್ಮಂಥ ಪತ್ರಿಕೆಗಳು ಮಾಡಬಹುದಾದ ಕೆಲಸ ಒಂದಿದೆ. ವಾಹನ ಪುಟಕ್ಕೆ ಯಾವ ಕಾರು ಬಂದರೂ, ಸ್ಪೋರ್ಟ್ಸ್ ಕಾರಾಗಲಿ ಚಿಕ್ಕ ಕಾರಾಗಲಿ, ಒಂದೇ ದಾರಿಯಲ್ಲಿ ಓಡಿಸಿ ನೋಡಿ. ನನ್ನ ಸಲಹೆ ಇದು: ಶಿವಮೊಗ್ಗದ ಗೋಪಿ ಸರ್ಕಲ್‌ನಿಂದ ಹೊರಟು, ಗಾಜನೂರು, ಮಂಡಗದ್ದೆ, ತೀರ್ಥಹಳ್ಳಿ, ಆಗುಂಬೆ ದಾಟಿ ಸೋಮೇಶ್ವರ. ಅದೇ ದಾರಿಯಲ್ಲಿ ವಾಪಸ್. ಇದರಲ್ಲಿ ಪೇಟೆ ಇದೆ, ಒಳ್ಳೆಯ ರಸ್ತೆ ಇದೆ, ಹಂಪ್ ಇದೆ, ಘಾಟಿ ಇದೆ. ಎಸಿ ಹಾಕಿಕೊಂಡು, ಇಬ್ಬರು ಕೂತು, ಟೈರಿನ ಗಾಳಿ ಸರಿ ಮಾಡಿಸಿ, ಫುಲ್ ಟ್ಯಾಂಕ್ ಲೆಕ್ಕದಲ್ಲಿ. ಬೇಸಿಗೆಯಲ್ಲಿ ಒಂದು ಸಲ, ಮಳೆಗಾಲದಲ್ಲಿ ಒಂದು ಸಲ. ನಿಮ್ಮವರು ಬರುವುದಾದರೆ ಮೊದಲ ಓಟಕ್ಕೆ ನನ್ನ ಕಾರನ್ನೇ ಕೊಡುತ್ತೇನೆ. ನೋಟ್‌ಬುಕ್ಕಿನ ಲೆಕ್ಕವೂ ಪಕ್ಕದಲ್ಲಿ ಇಟ್ಟು ನೋಡಬಹುದು. ಘಾಟಿ ದಿನ ಬೆಳಿಗ್ಗೆ ಬೇಗ ಹೊರಟರೆ ಒಳ್ಳೆಯದು, ಬಸ್ಸುಗಳ ಓಡಾಟ ಕಡಿಮೆ ಇರುತ್ತದೆ.

ಇಂತಿ,
ಒಬ್ಬ ಅಡಿಕೆ ಬೆಳೆಗಾರ್ತಿ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ